ಏಳುನೂರು ಡಾಲರಿನ ಲೆಕ್ಕ

2025ರ ಮಾರ್ಚ್ ತಿಂಗಳ ಕೊನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ ಮುಗಿಸಿ, ಊಟ, ಸಣ್ಣ ನಿದ್ದೆ ಎಲ್ಲ ಆಗಿ, ಸಂಜೆಯ ಕಾಫಿಗೆ ನೀರಿಟ್ಟಿದ್ದೆ. ಟೆಕ್ಸಾಸಿನಿಂದ ಮಗಳ ಫೋನು ಬಂತು. ಅಲ್ಲಿನ್ನೂ ಬೆಳಗಿನ ಆರೂವರೆ. ಅಷ್ಟು ಬೇಗ ಏಳುವ ಹುಡುಗಿಯಲ್ಲ ಅವಳು. ನನ್ನ ಎದೆ ಧಸಕ್ಕೆಂದಿತು.

"ಏನಿಲ್ಲಮ್ಮ, ಟ್ಯಾಕ್ಸ್ ಫಾರಂ ತುಂಬ್ತಾ ಇದೀನಿ. ಜೂನ್ 16ಕ್ಕೆ ಕಡೇ ದಿನ. ಒಂದು ವಿಷಯ ನಿನ್ನ ಹತ್ರ ಹೇಳೇ ಇಲ್ಲ," ಎಂದಳು.

ಅವಳು ಹೋದದ್ದು 2022ರ ಆಗಸ್ಟ್‌ನಲ್ಲಿ, ಡಿಸೈನ್ ವಿಷಯದ ಉನ್ನತ ವ್ಯಾಸಂಗಕ್ಕೆ. ಎಫ್-1 ಎಂಬ ವಿದ್ಯಾರ್ಥಿ ವೀಸಾ. ಆ ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹೊರಗೆ ದುಡಿಯಬೇಕಾದರೆ ಪ್ರತ್ಯೇಕ ಅನುಮತಿ ಬೇಕು. ಓದು ಮುಗಿದ ಮೇಲೆ, ಕಲಿತ ವಿದ್ಯೆಗೆ ಸಂಬಂಧಪಟ್ಟ ಕೆಲಸವನ್ನು ಒಂದು ವರ್ಷ ಮಾಡಲು ಅವಕಾಶ ಕೊಡುತ್ತಾರೆ. ಅದನ್ನು ಓಪಿಟಿ ಎನ್ನುತ್ತಾರೆ. 2024ರ ಜುಲೈಯಿಂದ ಅವಳಿಗೆ ಅದು ಸಿಕ್ಕಿತ್ತು. ಯಾವ ಕಂಪನಿಗೂ ಸೇರದೆ, ಅವರಿವರಿಗೆ ಲೇಬಲ್ಲು, ಜಾಹೀರಾತು, ವೆಬ್‌ಸೈಟು ಮಾಡಿಕೊಟ್ಟು ಡಿಸೆಂಬರ್ ಹೊತ್ತಿಗೆ 11,400 ಡಾಲರ್ ಸಂಪಾದಿಸಿದ್ದಳು. ಇದೆಲ್ಲ ಸರಿಯಾದ ದಾರಿಯ ದುಡ್ಡು.

ತೊಡಕಿದ್ದದ್ದು ಅದಕ್ಕೂ ಮೊದಲಿನ 700 ಡಾಲರಿನಲ್ಲಿ. 2024ರ ಫೆಬ್ರವರಿಯಲ್ಲಿ, ಇನ್ನೂ ಓದುತ್ತಿರುವಾಗಲೇ, ಅನುಮತಿಯಿಲ್ಲದೆ ಒಂದು ಅಂಗಡಿಗೆ ಬೋರ್ಡು, ಮೆನು ಕಾರ್ಡು ಮಾಡಿಕೊಟ್ಟಿದ್ದಳಂತೆ. ಹಣವನ್ನು ಕೈಗೆ ಕೊಟ್ಟಿದ್ದರು. ರಸೀದಿಯಿಲ್ಲ, ಬ್ಯಾಂಕಿನಲ್ಲಿ ದಾಖಲೆಯಿಲ್ಲ.

"ಯಾಕೆ ಹಾಗೆ ಮಾಡಿದೆ?" ಎಂದು ಗದರಬೇಕೆಂದಿದ್ದೆ. ಬಾಯಿ ಬರಲಿಲ್ಲ. ಆಗ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಧಾರಣೆ ಬಿದ್ದುಹೋಗಿದ್ದ ಕಾಲ. ಉಂಡೆ ಕೊಬ್ಬರಿಗೆ ಸರ್ಕಾರ 2023ಕ್ಕೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, ಪೇಟೆಯ ದರ ಅದಕ್ಕಿಂತ ಎಷ್ಟೋ ಕೆಳಗೆ. ರೈತರು ಬೀದಿಗಿಳಿದಿದ್ದರು. ನಾವೂ ಮಾರದೆ ಅಟ್ಟದಲ್ಲಿಟ್ಟುಕೊಂಡು ಕಾಯುತ್ತಿದ್ದೆವು. "ಈ ತಿಂಗಳು ಸ್ವಲ್ಪ ಹೇಗಾದರೂ ಸುಧಾರಿಸಿಕೊಳ್ಳೇ" ಎಂದು ಅವಳಿಗೆ ಹೇಳಿದವಳು ನಾನೇ. ಅವಳು ಸುಧಾರಿಸಿಕೊಂಡಿದ್ದಳು, ಅಷ್ಟೆ.

ಹಾಗಾಗಿ ಗದರುವ ಬದಲು, "ಬಿಟ್ಬಿಡೇ ಅದನ್ನ. ಯಾರಿಗೆ ಗೊತ್ತಾಗತ್ತೆ?" ಎಂದೆ.

ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಅದೇ ದಿನ ಬೆಳಿಗ್ಗೆ ಪರೀಕ್ಷಾ ಕೊಠಡಿಯಲ್ಲಿ ಒಬ್ಬ ಹುಡುಗನ ಕೈಯಿಂದ ಚೀಟಿ ಕಿತ್ತುಕೊಂಡಿದ್ದೆ. ಅವನ ಮನಸ್ಸಿನಲ್ಲೂ ಇದ್ದದ್ದು ಇದೇ ಮಾತು: ಯಾರಿಗೆ ಗೊತ್ತಾಗತ್ತೆ?

ಮಗಳು ಕಾನೂನು ವಿವರಿಸಿದಳು. ಭಾರತಕ್ಕೂ ಅಮೆರಿಕಕ್ಕೂ 1989ರಲ್ಲಿ ಒಂದು ತೆರಿಗೆ ಒಪ್ಪಂದವಾಗಿದೆ. ಅದರ 21ನೇ ವಿಧಿಯಂತೆ, ಅಲ್ಲಿ ಓದುವ ನಮ್ಮ ಮಕ್ಕಳು ಅಲ್ಲಿನ ನಿವಾಸಿಗಳಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ದೇಶಗಳಿಂದ ಬಂದ ಹೆಚ್ಚಿನ ವಿದ್ಯಾರ್ಥಿಗಳಿಗೆ ಅದಿಲ್ಲ. 2024ಕ್ಕೆ ಆ ಮೊತ್ತ 14,600 ಡಾಲರ್. ಅವಳ ಎಲ್ಲ ಸಂಪಾದನೆ ಸೇರಿದರೂ 12,100. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಅಂದರೆ ಆ 700 ಬರೆದರೂ ತೆರಿಗೆ ಸೊನ್ನೆ, ಬರೆಯದಿದ್ದರೂ ಸೊನ್ನೆ. ಆದರೆ 1040-ಎನ್‌ಆರ್ ಎಂಬ ಫಾರಂ ಮಾತ್ರ ಕೊಡಲೇಬೇಕು. ಅನುಮತಿಯಿಲ್ಲದೆ ದುಡಿದದ್ದೂ ತೆರಿಗೆಯ ಕಣ್ಣಿಗೆ ಆದಾಯವೇ. ಅನುಮತಿಯ ಪ್ರಶ್ನೆ ವೀಸಾ ಕಾನೂನಿನದು, ಅದು ಬೇರೆ.

"ಫಾರಮ್ಮಿನಲ್ಲಿ ಯಾವ ತಿಂಗಳಿನದು ಅಂತ ಕೇಳಲ್ಲಮ್ಮ. ಮೊತ್ತ ಬರೆದರೆ ಸಾಕು. ಆದರೆ ನಾಳೆ ಯಾರಾದರೂ ಲೆಕ್ಕ ಬಿಡಿಸಿ ತೋರಿಸು ಅಂದ್ರೆ ಫೆಬ್ರವರಿ ತಿಂಗಳು ಎದ್ದು ಕಾಣತ್ತೆ," ಎಂದಳು.

ನೀವೇ ಹೇಳಿ, ಯಾವ ತಾಯಿ ತಾನೇ "ಬರಿ" ಎಂದಾಳು? ಬರೆಯದಿದ್ದರೆ ಆ ದೇಶಕ್ಕೆ ಒಂದು ಕಾಸಿನ ನಷ್ಟವಿಲ್ಲ. ಬರೆದರೆ ನನ್ನ ಮಗಳ ತಲೆಯ ಮೇಲೆ ಕತ್ತಿ. ಯಾರಿಗೂ ತೊಂದರೆ ಮಾಡದ ಸುಳ್ಳು ಅದು ಹೇಗೆ ಸುಳ್ಳಾದೀತು? ಇದನ್ನೇ ಅವಳಿಗೂ ಕೇಳಿದೆ.

"ಕೊನೇಲಿ ಸೈನ್ ಮಾಡಬೇಕಲ್ಲಮ್ಮ. ಇದರಲ್ಲಿರೋದು ನಿಜ, ಸರಿ, ಪೂರ್ತಿ ಅಂತ ಬರೆದಿರತ್ತೆ. ಸುಳ್ಳಾದರೆ ಶಿಕ್ಷೆ ಅಂತಾನೂ ಇರತ್ತೆ. ಶಿಕ್ಷೆ ಬಿಡು, ಪೂರ್ತಿ ಅಂತ ಹೇಗಮ್ಮ ಸೈನ್ ಮಾಡ್ಲಿ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರ್ಲಿ, ನೀನು ತೋಟದ ಆದಾಯ ತೋರಿಸ್ತೀಯಾ?" ಎಂದಳು.

ಒಲೆಯ ಮೇಲಿನ ನೀರು ಬತ್ತಿಹೋಗಿತ್ತು.

ತುರುವೇಕೆರೆಯ ಕಡೆ ಅಪ್ಪ ನನ್ನ ಹೆಸರಿಗೆ ಬರೆದ ಎರಡು ಎಕರೆ ತೆಂಗಿನ ತೋಟವಿದೆ. ವರ್ಷಕ್ಕೆ ಎಂಟೊಂಬತ್ತು ಕ್ವಿಂಟಾಲ್ ಕೊಬ್ಬರಿ ಬರುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂದು ನಾವೆಲ್ಲ ನೆಮ್ಮದಿಯಾಗಿರುತ್ತೇವೆ. ಅದು ನಿಜವೇ. ಆದರೆ ಸಂಬಳವೂ ಇರುವವರು, ಕೃಷಿ ಆದಾಯ 5,000 ರೂಪಾಯಿ ದಾಟಿದರೆ, ಅದನ್ನು ತೋರಿಸಬೇಕು. ತೋಟದ ಹಣಕ್ಕೆ ನೇರವಾಗಿ ತೆರಿಗೆ ಬೀಳದಿದ್ದರೂ ಅದನ್ನು ಸೇರಿಸಿ ದರ ಲೆಕ್ಕ ಹಾಕುವುದರಿಂದ ಸಂಬಳದ ಮೇಲಿನ ತೆರಿಗೆ ಸ್ವಲ್ಪ ಏರುತ್ತದೆ. ನನಗಿದು ಗೊತ್ತಿತ್ತು. "ಯಾಕ್ ಮೇಡಂ ಸುಮ್ನೆ ತಲೆನೋವು, ಸೊನ್ನೆ ಹಾಕೋಣ" ಎಂದು ರಿಟರ್ನ್ಸ್ ತುಂಬಿಕೊಡುವವರು ಹೇಳಿದಾಗ ನಾನು ತಲೆಯಾಡಿಸಿದ್ದೆ. ನಮ್ಮ ಫಾರಮ್ಮಿನ ಕೊನೆಯಲ್ಲೂ ಇದು ಸರಿ ಮತ್ತು ಪೂರ್ಣ ಎಂಬ ಒಕ್ಕಣೆ ಇದೆ. ಅದರ ಕೆಳಗೆ ವರ್ಷ ವರ್ಷವೂ ನನ್ನ ಹೆಸರಿದೆ.

ಮಗಳ 700 ಡಾಲರಿನಿಂದ ಯಾರಿಗೂ ನಷ್ಟವಿರಲಿಲ್ಲ. ನನ್ನ ಸೊನ್ನೆಯಿಂದ ಇತ್ತು. ಆದರೂ ನಾನು ಅವಳಿಗೆ ಬುದ್ಧಿ ಹೇಳುವ ಸ್ಥಾನದಲ್ಲಿ ಕೂತಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಯೋಚಿಸಿದೆ. ನಮ್ಮ ತಪ್ಪನ್ನೆಲ್ಲ ಸಂತೆಯಲ್ಲಿ ನಿಂತು ಕೂಗಿ ಹೇಳಬೇಕೆಂದು ಯಾವ ಧರ್ಮವೂ ಹೇಳಲಾರದು. ಯಾರೂ ಕೇಳದಿದ್ದಾಗ ಸುಮ್ಮನಿರುವುದು ಒಂದು. ಕೇಳಿದಾಗ "ಇಲ್ಲ" ಎಂದು ಸಹಿ ಹಾಕುವುದು ಇನ್ನೊಂದು. ಬಾಡಿಗೆಗಾಗಿ ಬೋರ್ಡು ಬರೆದದ್ದು ನಿಯಮ ಮೀರಿದ ತಪ್ಪು. ಅದು ಕಷ್ಟದಲ್ಲಿ ಆದದ್ದು, ಮುಗಿದುಹೋದದ್ದು. ಬರೆಯದೆ ಬಿಟ್ಟರೆ ಮಾತ್ರ ಅದಕ್ಕೊಂದು ಸುಳ್ಳು ಸೇರಿಕೊಳ್ಳುತ್ತದೆ. ಆಮೇಲೆ ಪ್ರತಿ ಸಲ ಯಾರಾದರೂ ಲೆಕ್ಕ ಕೇಳಿದಾಗಲೂ ಆ ಸುಳ್ಳನ್ನು ನೆನಪಿಟ್ಟುಕೊಂಡು ಮತ್ತೆ ಹೇಳಬೇಕಾಗುತ್ತದೆ. ಅದರ ನಷ್ಟ ಸರ್ಕಾರದ ಬೊಕ್ಕಸದಲ್ಲಿ ಕಾಣುವುದಿಲ್ಲ, ಹೇಳಿದವಳ ಮಾತಿನಲ್ಲಿ ಕಾಣುತ್ತದೆ.

ಅಪ್ಪ ಅಟ್ಟದ ಗಿಟುಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಹೊರಗಿನಿಂದ ಎಲ್ಲ ಕಾಯಿಯೂ ಒಂದೇ ಥರ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತ ಮೇಲೆ, ಒಳಗೆ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಕೌಟಾಗಿದೆಯೋ, ಅಲ್ಲಾಡಿಸಿದವರಿಗೇ ಗೊತ್ತು. ನನ್ನನ್ನು ಮಗಳು ಆ ದಿನ ಹಾಗೆ ಅಲ್ಲಾಡಿಸಿ ನೋಡಿದ್ದಳು.

ಇಷ್ಟೆಲ್ಲ ಯೋಚಿಸಿದರೂ ಅವಳಿಗೆ "ಬರಿ" ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳುವುದು ನಾನು, ಅನುಭವಿಸಬೇಕಾದವಳು ಅವಳು. ಇನ್ನೊಬ್ಬರ ತಲೆಯ ಮೇಲೆ ಭಾರ ಹೊರಿಸಿ ಸತ್ಯ ಹೇಳಿಸುವುದು ಬಹಳ ಸುಲಭ. "ಮೊದಲು ವಕೀಲರನ್ನ ಕೇಳು. ಆಮೇಲೆ ನಿನಗೆ ತೋಚಿದ ಹಾಗೆ ಮಾಡು. ನಾವಿದೀವಿ" ಎಂದೆ, ಅಷ್ಟೆ.

ಅವಳು ವಕೀಲರನ್ನು ಕಂಡು, 12,100 ಎಂದೇ ಬರೆದು ಸಹಿ ಹಾಕಿದಳು. ಈಗ ಅಲ್ಲೇ ಇನ್ನೊಂದು ಕೋರ್ಸಿಗೆ ಸೇರಿದ್ದಾಳೆ. ಇದುವರೆಗೆ ಯಾರೂ ಏನೂ ಕೇಳಿಲ್ಲ. ಮುಂದೆ ಬೇರೆ ವೀಸಾಕ್ಕೆ ಹೋದಾಗ ಕೇಳಬಹುದು. ಕೇಳಿದರೆ ಇದ್ದದ್ದನ್ನು ಹೇಳುತ್ತಾಳೆ, ಆದದ್ದಾಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ.

ನಾನೂ ಆ ವರ್ಷ ತೋಟದ ಲೆಕ್ಕ ಹಿಡಿದು ಹೋದೆ. ಫಾರಂ ಬದಲಾಯಿತು, ಮೊದಲಿನ ಸರಳ ಫಾರಂ ಆಗುವುದಿಲ್ಲವಂತೆ. ಹಳೆಯ ರಿಟರ್ನ್ಸ್ ತಿದ್ದಿಕೊಡಲು ಇದ್ದ ಎರಡು ವರ್ಷದ ಅವಧಿಯನ್ನು 2025ರಲ್ಲಿ ನಾಲ್ಕು ವರ್ಷಕ್ಕೆ ಏರಿಸಿದ್ದರು. ಅವನ್ನೂ ತಿದ್ದಿಸಿದೆ. ಬಡ್ಡಿ, ಹೆಚ್ಚುವರಿ ತೆರಿಗೆ ಎಲ್ಲ ಸೇರಿ ಎರಡು ಚಿನ್ನದ ಬಳೆ ಮಾಡಿಸಬೇಕೆಂದಿದ್ದ ಹಣದಲ್ಲಿ ಒಂದು ಭಾಗ ಹೋಯಿತು. "ನಿಮ್ಮನ್ನ ಯಾರು ಕೇಳಿದ್ರು ಮೇಡಂ?" ಎಂದು ಅವರು ನಕ್ಕರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟು ಎಷ್ಟು ವರ್ಷ ಅಂಕ ಹಾಕಿದ್ದೇನೋ. ಕೇಳಿದವಳು ನನ್ನ ಮಗಳು ಎಂದು ಅವರಿಗೆ ಹೇಳಲಿಲ್ಲ. ರಸೀದಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.