ರಾಯರು ಕುಡಿದ ಎಳ್ಳೆಣ್ಣೆ

ಹೊಸಪೇಟೆ ಕಡೆ "ನಾನು ಅವ್ರನ್ನ ಕಣ್ಣಾರೆ ನೋಡೀನಿ" ಎನ್ನುವುದು ಒಂದು ಸಣ್ಣ ಆಸ್ತಿ ಇದ್ದ ಹಾಗೆ. ಜಾಕಿ ಚಾನ್ ‘ದಿ ಮಿಥ್’ ಚಿತ್ರೀಕರಣಕ್ಕೆಂದು ಹಂಪಿಗೆ ಬಂದು ಹೋಗಿ ಇಪ್ಪತ್ತು ವರ್ಷ ದಾಟಿದೆ. ಸಿನಿಮಾ ತೆರೆಕಂಡಿದ್ದು 2005ರಲ್ಲಿ. ಅವನಿಗೆ ನಾನೇ ಎಳನೀರು ಕೊಟ್ಟೆ ಎನ್ನುವವರು ಹಂಪಿ, ಕಮಲಾಪುರದಲ್ಲಿ ಇದುವರೆಗೆ ನನಗೆ ಮೂವರು ಸಿಕ್ಕಿದ್ದಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದಾರೆ ಅಂತ ನನಗನ್ನಿಸುವುದಿಲ್ಲ. ಬಿಸಿಲಿನ ಊರು, ಅವನು ಮೂರು ಎಳನೀರು ಕುಡಿದಿದ್ದರೆ ಆಶ್ಚರ್ಯವೇನಿಲ್ಲ. ನನ್ನ ಕುತೂಹಲ ಇರುವುದು ಬೇರೆ ಕಡೆ. ಆ ಮೂವರಲ್ಲಿ ಒಬ್ಬರು ಮಾತು ಮುಗಿಸುವಾಗ, "ಅವ್ನ ಮೈಕಟ್ಟು ಹಂಗ್ಯಾಕೈತಿ ಗೊತ್ತೇನು? ಬರೀ ಎಳನೀರು, ಹಣ್ಣು. ಅನ್ನ ಮುಟ್ಟಂಗಿಲ್ಲ" ಅಂದರು. ಎಳನೀರು ಕುಡಿದದ್ದನ್ನು ಅವರು ನೋಡಿದ್ದರು. ಅನ್ನ ಮುಟ್ಟದ್ದನ್ನು ಯಾವಾಗ ನೋಡಿದರು?

ಈ ಜಾರುವಿಕೆ ನಮ್ಮ ಕಾಲದ್ದಲ್ಲ. ಪ್ರವಾಸಿಗರ ಬರಹಗಳನ್ನು ಓದುವುದು ನನ್ನ ಸಂಶೋಧನೆಯ ಭಾಗವಾದ್ದರಿಂದ, ನಮ್ಮ ಊರಿನ ಬಹಳ ಹಳೆಯ ‘ಸೆಲೆಬ್ರಿಟಿ ದರ್ಶನ’ವೊಂದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ನೋಡಿದ್ದು ಹಂಪಿಯ ಅರಮನೆಯಲ್ಲಲ್ಲ. ರಾಜ ಹೊಸದಾಗಿ ಕಟ್ಟಿಸಿದ ಪಟ್ಟಣದಲ್ಲಿ, ಅಂದರೆ ಆಗ ನಾಗಲಾಪುರ ಎನಿಸಿಕೊಂಡಿದ್ದ ಇಂದಿನ ಹೊಸಪೇಟೆಯಲ್ಲಿ. ಫಿಗೈರೆದೊ ಎಂಬ ವ್ಯಾಪಾರಿಯ ಜೊತೆ ಪೋರ್ಚುಗೀಸರೆಲ್ಲ ಒಳ್ಳೊಳ್ಳೆಯ ಬಟ್ಟೆ ತೊಟ್ಟು, ಕಾಣಿಕೆ ಹಿಡಿದು ಹೋಗಿದ್ದರು. ರಾಜ ಎಷ್ಟು ಹತ್ತಿರವಿದ್ದನೆಂದರೆ ಅವರನ್ನೆಲ್ಲ ಮುಟ್ಟಿ ನೋಡಿದ, ನೋಡಿ ನೋಡಿ ತಣಿಯಲಿಲ್ಲ ಎಂದು ಪಾಯೆಸ್ ಬರೆಯುತ್ತಾನೆ. ನನಗೆ ಈ ಭಾಗ ಬಹಳ ಇಷ್ಟ. ನೋಡಲು ಹೋದವರನ್ನೇ ದೊಡ್ಡವನು ಕುತೂಹಲದಿಂದ ನೋಡುತ್ತಿದ್ದಾನೆ! ಕಂಡದ್ದನ್ನು ಪಾಯೆಸ್ ಮುಚ್ಚಿಡುವುದಿಲ್ಲ: ಮಧ್ಯಮ ಎತ್ತರ, ತೆಳ್ಳಗೆ ಅನ್ನುವುದಕ್ಕಿಂತ ತುಸು ದಪ್ಪ, ಮುಖದ ಮೇಲೆ ಸಿಡುಬಿನ ಕಲೆ. ನಮ್ಮ ಕ್ಯಾಲೆಂಡರುಗಳಲ್ಲಿ, ಸಿನಿಮಾಗಳಲ್ಲಿ ಕೃಷ್ಣದೇವರಾಯನಿಗೆ ಸಿಡುಬಿನ ಕಲೆ ಬರೆದವರನ್ನು ನಾನು ಕಂಡಿಲ್ಲ.

ಇಷ್ಟು ಪ್ರಾಮಾಣಿಕ ಸಾಕ್ಷಿ ಮುಂದಕ್ಕೆ ರಾಜನ ದಿನಚರಿಯನ್ನೂ ಹೇಳುತ್ತಾನೆ. ಪ್ರತಿದಿನ ಬೆಳಕು ಹರಿಯುವ ಮುಂಚೆ ರಾಯರು ಮುಕ್ಕಾಲು ಪಿಂಟಿನಷ್ಟು ಎಳ್ಳೆಣ್ಣೆ ಕುಡಿಯುತ್ತಾರೆ, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುತ್ತಾರೆ, ಮಣ್ಣಿನ ಭಾರಗಳನ್ನು ಎತ್ತುತ್ತಾರೆ, ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಕತ್ತಿ ತಿರುಗಿಸುತ್ತಾರೆ, ಪೈಲ್ವಾನನ ಜೊತೆ ಕುಸ್ತಿ ಹಿಡಿಯುತ್ತಾರೆ, ಆಮೇಲೆ ಕುದುರೆ ಸವಾರಿ. ಮುಕ್ಕಾಲು ಪಿಂಟ್ ಅಂದರೆ ನಾನೂರು ಮಿಲಿಲೀಟರಿಗೂ ಹೆಚ್ಚು. ಬರೀ ಆ ಎಣ್ಣೆಯಲ್ಲೇ ಮೂರು ಸಾವಿರ ಕ್ಯಾಲೊರಿ ದಾಟುತ್ತದೆ. ಇವತ್ತು ಯಾರಾದರೂ ಎಳ್ಳೆಣ್ಣೆಯನ್ನು ಬಾಟಲಿಗೆ ತುಂಬಿ ‘ರಾಯರ ಶಕ್ತಿ’ ಎಂದು ಮಾರಲು ಹೊರಟರೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗಲಿಕ್ಕಿಲ್ಲ. ಭಾರ ಎತ್ತಿದ್ದು, ಕತ್ತಿ ತಿರುಗಿಸಿದ್ದು, ಕುಸ್ತಿ, ಸವಾರಿ ಎಲ್ಲ ಆ ಬಾಟಲಿಯ ಹಿಂದೆ ಸಣ್ಣಕ್ಷರಕ್ಕೆ ಹೋಗುತ್ತವೆ.

ಪಾಯೆಸ್ ಕಾರಣ ಹೇಳಲು ಹೋಗಲಿಲ್ಲ, ದಿನಚರಿ ಹೇಳಿ ಸುಮ್ಮನಾದ. ಅವನಿಗಿಂತ ಮೊದಲು, 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಷ್ಟಕ್ಕೆ ನಿಲ್ಲಲಿಲ್ಲ. ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ಅವನಿಗೆ ವೀಳ್ಯದೆಲೆ ಕೊಟ್ಟು ಗೌರವಿಸಿದರು. ಅವನಿಗೆ ಎಲೆಯ ರುಚಿ ಹತ್ತಿತು, ಗುಣಗಳನ್ನು ಬಾಯ್ತುಂಬ ಹೊಗಳಿದ. ರಾಜನ ಅಂತಃಪುರದಲ್ಲಿ ಅಷ್ಟೊಂದು ಹೆಂಗಸರಿರುವುದು ಸಾಧ್ಯವಾಗಿರುವುದೇ ಬಹುಶಃ ಈ ಎಲೆಯ ಶಕ್ತಿಯಿಂದ ಎಂದೂ ಬರೆದ. ಎಲೆಯನ್ನು ಅವನು ತಾನೇ ಜಗಿದಿದ್ದ, ರಾಜನನ್ನು ತಾನೇ ನೋಡಿದ್ದ. ಎರಡೂ ನಿಜ. ನಡುವಿನ ‘ಆದ್ದರಿಂದ’ ಮಾತ್ರ ಅವನದೇ ಕಟ್ಟು. ಆದರೆ ನೋಡಿದವನ ಬಾಯಿಂದ ಬಂದಾಗ ಆ ‘ಆದ್ದರಿಂದ’ ಕೂಡ ನೋಡಿದ್ದೇ ಅನ್ನಿಸಿಬಿಡುತ್ತದೆ.

ಇದನ್ನೆಲ್ಲ ನಾನು ಗ್ರಂಥಾಲಯದಲ್ಲೇ ಕೂತು ಯೋಚಿಸಿಕೊಂಡಿರುತ್ತಿದ್ದೆನೋ ಏನೋ. ಕಂಪ್ಲಿಯ ನಮ್ಮ ಚಿಕ್ಕಮ್ಮನಿಂದಾಗಿ ವಿಷಯ ಮನೆಗೆ ಬಂತು. ಅವಳಿಗೆ ಐವತ್ತೆರಡು ವರ್ಷ, ಹೊಲಿಗೆ ಕೆಲಸ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಯುಗಾದಿ ಆದಮೇಲೆ ಓಣಿಯ ಗೆಳತಿಯೊಬ್ಬಳ ಜೊತೆ ಬೆಳಗಿನ ಹೊತ್ತು ಪೌಡರ್ ಕಲಸಿ ಕೊಡುವ ಒಂದು ಮನೆಗೆ ಹೋಗತೊಡಗಿದಳು. ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಖರ್ಚು. ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಅವರ ಸಭೆಯಾದಾಗ ಧಾರಾವಾಹಿಯ ನಟಿಯೊಬ್ಬರು ಬಂದಿದ್ದರಂತೆ. ಚಿಕ್ಕಮ್ಮ ಅವರ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಈಗ ಅವಳ ಮೊಬೈಲಿನ ಮುಖಪುಟ. "ಟೀವ್ಯಾಗ ಕಾಣೋದಕ್ಕಿಂತ ತೆಳ್ಳಗದಾಳ. ದಿನಾ ಇದನ್ನ ಕುಡೀತಾಳಂತ" ಅಂದಳು. ಚಿಕ್ಕಮ್ಮನ ತೂಕ ಎಪ್ಪತ್ನಾಲ್ಕರಿಂದ ಎಪ್ಪತ್ತಕ್ಕೆ ಇಳಿದದ್ದೂ ನಿಜ. ರಾತ್ರಿ ಎರಡು ರೊಟ್ಟಿ, ಅನ್ನ ಬಿಟ್ಟು ಒಂದು ಗ್ಲಾಸ್ ಕುಡಿದು ಮಲಗಿದರೆ ಯಾರ ತೂಕವಾದರೂ ಇಳಿಯುತ್ತದೆ. ಗ್ಲಾಸಿನಲ್ಲಿ ಮಜ್ಜಿಗೆ ಇದ್ದರೂ ಇಳಿಯುತ್ತದೆ. ಇಷ್ಟಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ‘ಮೈ ಹಗುರ ಆಯ್ತು, ಮಾತ್ರೆ ಕಡಿಮೆ ಮಾಡು’ ಎಂದು ಅಲ್ಲಿ ಯಾರೋ ಹೇಳಿದ್ದಕ್ಕೆ ಸಕ್ಕರೆಯ ಮಾತ್ರೆಯನ್ನು ಅರ್ಧ ಮಾಡಿಕೊಂಡಿದ್ದಳು. ಖಾಲಿ ಹೊಟ್ಟೆಯ ಸಕ್ಕರೆ ನೋಡಿಸಿದರೆ 238 ಬಂತು.

ಡಬ್ಬಿ ತಿರುಗಿಸಿ ನೋಡಿದೆ. ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ ಸಣ್ಣದಾಗಿ ಇತ್ತು. ಇಂಥ ಪೂರಕಗಳ ಮೇಲೆ ಅದನ್ನು ಅಚ್ಚು ಹಾಕಲೇಬೇಕೆಂಬ ನಿಯಮವಿದೆ. ಚಿಕ್ಕಮ್ಮ ಓದುವುದು ಕನ್ನಡ. ಅಂಕಿಅಂಶ ಹೇಳಿದೆ: ನಮ್ಮ ದೇಶದ ಮಾರುಕಟ್ಟೆಯಲ್ಲಿ ಸಿಗುವ 36 ಪ್ರೊಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 70ರ ಹತ್ತಿರದಷ್ಟು ಪುಡಿಗಳ ಚೀಟಿಯ ಮೇಲಿನ ಪ್ರೊಟೀನ್ ಲೆಕ್ಕ ಸರಿ ಇರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ ವರ್ಷ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಪ್ರೊಟೀನ್ ಪುಡಿ ಬೇಡ ಎಂದೇ ಹೇಳಿದೆ. ನೂರು ಗ್ರಾಂ ಶೇಂಗಾದಲ್ಲಿ ಇಪ್ಪತ್ತೈದು ಗ್ರಾಂ ಪ್ರೊಟೀನ್ ಇರುತ್ತದೆ ಅಂತಲೂ ಹೇಳಿದೆ. ಅವಳು ಎಲ್ಲ ಕೇಳಿ, "ಆ 36 ಡಬ್ಬಿ ತಗೊಂಡೋರನ್ನ ನೀ ನೋಡಿಯೇನು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಲೆಕ್ಕದಲ್ಲಿ ನೋಡದವನ ಮಾತಿಗಿಂತ ನೋಡಿದವಳ ಮಾತು ಗಟ್ಟಿ. ಸಣ್ಣ ಊರಿನಲ್ಲಿ ಬದುಕು ನಡೆಯುವುದೇ ಈ ಲೆಕ್ಕದ ಮೇಲೆ ಅಲ್ಲವೇ? ಕಿರಾಣಿ ಅಂಗಡಿಯಲ್ಲಿ ಸಾಲ ಸಿಗುವುದು ಮುಖ ನೋಡಿ. ಹೆಣ್ಣು ಕೊಡುವುದು ಮುಖ ನೋಡಿ. ಇದನ್ನು ಮೂಢನಂಬಿಕೆ ಎಂದು ಎತ್ತಿ ಹಾಕಿದರೆ ನಾನೇ ಆ ಮನೆಯಲ್ಲಿ ಪರಕೀಯನಾಗುತ್ತೇನೆ.

ಮುಖದ ಈ ಬಲ ಕೆಟ್ಟದ್ದೇ ಮಾಡುತ್ತದೆ ಅಂತಲೂ ಹೇಳಲಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರನೇ ವಯಸ್ಸಿಗೆ ಹೋದಾಗ ಹೊಸಪೇಟೆಯಲ್ಲಿ ಸ್ವಂತ ಮನೆಯ ಸಾವಿನಂತೆ ಅತ್ತವರನ್ನು ನೋಡಿದ್ದೇನೆ. 2022ರಲ್ಲಿ ಊರ ನಡುವೆ ಅವರ ಪ್ರತಿಮೆಯೂ ಬಂತು. ಅವರು ಹೋದ ಮರುವಾರವೇ ಜಿಮ್ ಬಿಟ್ಟ ಹುಡುಗರು ನನ್ನ ಗೆಳೆಯರಲ್ಲೇ ಇದ್ದಾರೆ. ‘ಅಷ್ಟು ಕಸರತ್ತು ಮಾಡೋರೇ ಹೋದ್ರು’ ಎಂಬುದು ಅವರ ವಾದ. ರಾಯರ ಎಣ್ಣೆಯಿಂದ ಶಕ್ತಿ ಬಂತು ಅನ್ನುವುದೂ, ಅಪ್ಪು ಜಿಮ್ಮಿನಿಂದ ಹೋದರು ಅನ್ನುವುದೂ ಒಂದೇ ತಕ್ಕಡಿಯಲ್ಲಿ ತೂಗಿದ ಮಾತು: ಕಣ್ಣಿಗೆ ಕಂಡ ಒಬ್ಬ ಒಂದು ತಟ್ಟೆಯಲ್ಲಿ, ಕಾಣದ ಲಕ್ಷ ಜನ ಇನ್ನೊಂದರಲ್ಲಿ, ಮೊದಲನೆಯದೇ ಭಾರ. ಆದರೆ ಅದೇ ದುಃಖ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನರನ್ನು ಸಾಲಾಗಿ ನಿಲ್ಲಿಸಿತು. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೃದಯಾಘಾತವಾಗಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು ಎಂದು ಕೇಳಿ ನೇತ್ರದಾನಕ್ಕೆ ಹೆಸರು ಬರೆಸಿದವರು ಎಷ್ಟೋ ಮಂದಿ. ಅಂಕಿಅಂಶಕ್ಕೆ ಇಷ್ಟು ಮಾಡಿಸುವ ತಾಕತ್ತು ಎಲ್ಲಿದೆ?

ಹಾಗಾದರೆ ತಪ್ಪು ಎಲ್ಲಿ ಶುರುವಾಗುತ್ತದೆ? ಕಾನೂನು ಒಂದು ಗೆರೆ ಎಳೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಮುಖ ತೋರಿಸಿದವರಿಗೂ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು, ಒಂದು ವರ್ಷ ಜಾಹೀರಾತಿನಿಂದ ದೂರ ಇಡಬಹುದು. ಸರಿಯಾಗಿ ವಿಚಾರಿಸಿಯೇ ಒಪ್ಪಿದೆ ಎಂದು ತೋರಿಸಿದರೆ ಬಚಾವು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಜಾಹೀರಾತಿಗೆ ಖ್ಯಾತನಾಮರು ಸಮಾನ ಹೊಣೆಗಾರರು ಅಂದಿತು. ಒಳ್ಳೆಯದೇ. ಆದರೆ ಚಿಕ್ಕಮ್ಮನ ಗೆಳತಿಯ ಮೇಲೆ ಯಾವ ಕಾಯ್ದೆಯೂ ಇಲ್ಲ. ಅವಳು ಸುಳ್ಳುಗಾರ್ತಿಯೂ ಅಲ್ಲ. ‘ನನಗೆ ಮಂಡಿನೋವು ಹೋಯ್ತು’ ಅನ್ನುತ್ತಾಳೆ, ಹೋಗಿರಬಹುದು. ಒಂದೂ ಸುಳ್ಳು ಹೇಳದೆ ಇನ್ನೊಬ್ಬರ ಮಾತ್ರೆ ಅರ್ಧ ಮಾಡಿಸುವ ಸತ್ಯಕ್ಕೆ ಏನು ಹೆಸರು ಇಡುವುದು?

ಇಲ್ಲಿ ನನಗೆ ನೆರವಾದದ್ದು ಸಂಡೂರು. 1934ರಲ್ಲಿ ಗಾಂಧಿ ಅಲ್ಲಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕೆಂದು ಅವರು ಹೇಳಿದರು ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ತಮ್ಮ ತಂದೆ ಗಾಂಧಿಯನ್ನು ನೋಡಿದ್ದರು ಎಂದು ಅಲ್ಲಿನ ನಿವೃತ್ತ ಮೇಷ್ಟ್ರೊಬ್ಬರು ಹೇಳುವಾಗ ಕೂತಲ್ಲೇ ನೆಟ್ಟಗಾಗುತ್ತಾರೆ. ಆ ಕಾಲಕ್ಕೆ ಗಾಂಧಿಗಿಂತ ದೊಡ್ಡ ಮುಖ ಇರಲಿಲ್ಲ, ಗಾಂಧಿಯಷ್ಟು ಆಹಾರದ ಬಗ್ಗೆ ಊರಿಗೆಲ್ಲ ಹೇಳಿದವರೂ ಕಡಿಮೆ. ನನಗೆ ಅವರ ಎಷ್ಟೋ ಆಹಾರ ವಿಚಾರಗಳು ಹುಚ್ಚಾಟ ಅನ್ನಿಸುತ್ತವೆ. ಆದರೆ 1929ರಲ್ಲಿ ಬೇಯಿಸದ ಆಹಾರವನ್ನೇ ತಿನ್ನುವ ಪ್ರಯೋಗ ಮಾಡಿದಾಗ ಅದನ್ನು ‘ಯಂಗ್ ಇಂಡಿಯಾ’ದಲ್ಲಿ ಬರೆದರು, ಜೊತೆಗಾರರ ಮೈಗೆ ಏನಾಯಿತು ಬರೆದರು, ಕೊನೆಗೆ ತಮಗೇ ಒಗ್ಗದೆ ಬಿಟ್ಟದ್ದನ್ನೂ ಬರೆದರು. ಕೆಟ್ಟು ಹೋದ ಪ್ರಯೋಗವನ್ನು ಅದೇ ಪತ್ರಿಕೆಯಲ್ಲಿ, ಅದೇ ಓದುಗರಿಗೆ ಹೇಳಿದರು. ನೋಡಿದ್ದನ್ನು ಹೇಳುವವರಿಗೆ, ಅದರಲ್ಲೂ ಮುಖ ನೋಡಿ ನಂಬುವ ಜನರ ಮುಂದೆ ನಿಂತವರಿಗೆ, ಇದೊಂದು ಸಾಲ ಇರುತ್ತದೆ ಅಂತ ನನಗನ್ನಿಸುತ್ತದೆ. ವಾಸಿಯಾದದ್ದರ ಜೊತೆ ಆಗದ್ದನ್ನೂ ಹೇಳಬೇಕು. ಕಲ್ಯಾಣ ಮಂಟಪದ ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ‘ನನಗೆ ಹೋಯ್ತು’ ಅನ್ನುತ್ತಾರೆ. ಹೋಗದವರು ಮುಂದಿನ ಸಭೆಗೆ ಬರುವುದಿಲ್ಲ, ಬಂದರೂ ಅವರ ಕೈಗೆ ಮೈಕ್ ಸಿಗುವುದಿಲ್ಲ.

ಪಾಯೆಸನ ಕಥೆಯನ್ನು ಚಿಕ್ಕಮ್ಮನಿಗೆ ಹೇಳಿದ್ದು ಸುಮ್ಮನೆ, ಅವಳು ಗುಂಡಿ ಹಚ್ಚುತ್ತಿದ್ದಾಗ. ಎಣ್ಣೆಯ ಅಳತೆ ಕೇಳಿ ನಕ್ಕಳು. ಆಮೇಲೆ ಸೂಜಿ ನಿಲ್ಲಿಸಿ ಕೇಳಿದಳು: "ಅಲ್ಲಪಾ, ಅವ್ನು ರಾಜನ್ನ ನೋಡ್ಯಾನ ಅಂತಿ. ಎಣ್ಣಿ ಕುಡಿಯೋದನ್ನ ನೋಡ್ಯಾನೇನು? ಇನ್ನಾ ಕತ್ತಲ ಇದ್ದಾಗ ಕುಡೀತಿದ್ದ ಅಂತಿ, ಅಷ್ಟೊತ್ತಿಗೆ ಇವ್ನನ್ನ ಯಾರು ಒಳಗ ಬಿಟ್ರು?" ಐನೂರು ವರ್ಷದ ಹಿಂದಿನ ಬರಹಕ್ಕೆ ಕೇಳಬೇಕಾದ ಪ್ರಶ್ನೆ ಅದೇ. ನಟಿಯ ಮಾತನ್ನು ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಈಗ ಮಾತ್ರೆ ಪೂರಾ ನುಂಗುತ್ತಿದ್ದಾಳೆ, ಡಾಕ್ಟರ ಎದುರು ಒಪ್ಪಿಕೊಂಡೇ ಬಂದಿದ್ದಾಳೆ. ಪೌಡರ್ ಬಿಟ್ಟಿಲ್ಲ. ಬೆಳಗಿನ ಏಳು ಗಂಟೆಗೆ ಎಂಟು ಹೆಂಗಸರು ಕೂತು ನಗುವ ಜಾಗ ಕಂಪ್ಲಿಯಲ್ಲಿ ಅವಳಿಗೆ ಇನ್ನೊಂದಿಲ್ಲ. ನಾಲ್ಕು ಸಾವಿರದಲ್ಲಿ ಪುಡಿಯ ಪಾಲೆಷ್ಟು, ಆ ನಗುವಿನ ಪಾಲೆಷ್ಟು ಎಂದು ಬಿಡಿಸಲು ನನಗೆ ಬರುವುದಿಲ್ಲ. ಅದು ಅವಳ ದುಡ್ಡು. ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ ಅಂತ ಹೇಳಿಟ್ಟಿದ್ದೇನೆ.

ಮುಂದಿನ ಭಾನುವಾರ ಹೊಸಪೇಟೆಯಲ್ಲಿ ಮತ್ತೊಂದು ಸಭೆ ಇದೆ. ನಾಲ್ಕು ಕೆಜಿ ಇಳಿಸಿದ್ದಕ್ಕೆ ಚಿಕ್ಕಮ್ಮನಿಗೆ ಹಾರ ಹಾಕುತ್ತಾರಂತೆ, ಅವಳು ಎರಡು ಮಾತು ಆಡಬೇಕಂತೆ. ಬರೆದುಕೊಡು ಅಂದಳು. ಬರೆದುಕೊಟ್ಟೆ: ತೂಕ ನಾಲ್ಕು ಕೆಜಿ ಇಳಿಯಿತು, ಮಾತ್ರೆ ಅರ್ಧ ಮಾಡಿದ್ದಕ್ಕೆ ಸಕ್ಕರೆ 238ಕ್ಕೆ ಏರಿತು, ಯಾರೂ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಚೀಟಿಯನ್ನು ಎರಡು ಸಲ ಓದಿ, ಮಡಚಿ, ರವಿಕೆಯೊಳಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಎಲ್ಡನೇದ್ದು ಹೇಳಿದ್ರ ಫೋಟೋಕ್ಕ ನಿಂದ್ರಸ್ತಾರೇನೋ?"