ಶಸ್ತ್ರಕ್ರಿಯಾ ಕೊಠಡಿಯ ಹೊರಗೆ



ಅರಸೀಕೆರೆ ಜಂಕ್ಷನ್ನಿನಿಂದ ಬೆಂಗಳೂರಿಗೆ ಹೊರಡುವ ರೈಲುಗಳಲ್ಲಿ ವ್ಯಾಪಾರಿಗಳು, ವಿದ್ಯಾರ್ಥಿಗಳು ಇರುವಂತೆಯೇ ವೈದ್ಯಕೀಯ ವರದಿಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಕುಟುಂಬಗಳೂ ಇರುತ್ತವೆ. ಬೇಲೂರು, ಹಳೇಬೀಡಿನವರು ಹಾಸನದ ದಾರಿಯಾಗಿ ಹೋಗುತ್ತಾರೆ. 1973ರಲ್ಲಿ ಸ್ಥಾಪನೆಯಾದ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಅಂತಹ ಅನೇಕರ ಗುರಿ. ಅಲ್ಲಿ ಶಸ್ತ್ರಕ್ರಿಯಾ ಕೊಠಡಿಯ ಬಾಗಿಲು ಮುಚ್ಚಿದ ಬಳಿಕ ಹೊರಗೆ ಕುಳಿತವರ ಪರೀಕ್ಷೆ ಆರಂಭವಾಗುತ್ತದೆ. ಆ ಕೆಲವು ಗಂಟೆಗಳನ್ನು ಸತ್ಯವಿಶ್ವಾಸಿ ಹೇಗೆ ಕಳೆಯಬೇಕು?

ಹ. ಯಾಕೂಬ್(ಅ)ರನ್ನು ನೆನೆಯಿರಿ. ಮಗನ ಅಗಲಿಕೆಯ ದುಃಖದಲ್ಲಿ ಅವರ ಕಣ್ಣುಗಳು ಬಿಳುಪಾದವು. ಆದರೂ ಅವರು ಅಲ್ಲಾಹನ ಕಾರುಣ್ಯದಲ್ಲಿ ನಿರಾಶರಾಗಲಿಲ್ಲ. ಹೋಗಿ ಯೂಸುಫ್‌ರನ್ನು ಹುಡುಕಿರೆಂದು ಮಕ್ಕಳನ್ನು ಕಳುಹಿಸಿದರು. ಅಳು, ಭರವಸೆ, ಪ್ರಯತ್ನ ಇವು ಮೂರೂ ಒಂದೇ ಹೃದಯದಲ್ಲಿ ಇರಬಲ್ಲವು. ಕಣ್ಣೀರು ಸಹನೆಗೆ ವಿರುದ್ಧವಲ್ಲ. ಪುತ್ರ ಇಬ್ರಾಹೀಮರ ಮರಣದ ಸಮಯದಲ್ಲಿ ಪ್ರವಾದಿವರ್ಯರೇ(ಸ) ಅತ್ತಿದ್ದರು. ಆದರೆ ಅಲ್ಲಾಹನು ಮೆಚ್ಚದ ಒಂದು ಮಾತೂ ಅವರ ನಾಲಿಗೆಯಿಂದ ಹೊರಡಲಿಲ್ಲ.

ಪ್ರಯತ್ನವನ್ನು ಕೈಬಿಟ್ಟ ಭರವಸೆ ತವಕ್ಕುಲ್ ಅಲ್ಲ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದನ್ನು ನಂಬಿ ತಾಯಿತ, ನಾಟಿ ಮದ್ದು ಎಂದು ತಿಂಗಳುಗಳನ್ನು ಕಳೆಯುವವರಿದ್ದಾರೆ. ಗೆಡ್ಡೆ ಬೆಳೆಯುವುದು ಆ ವಿಳಂಬದಲ್ಲಿ. ಬೇಗ ಪತ್ತೆಯಾದ ಎಷ್ಟೋ ಗೆಡ್ಡೆಗಳನ್ನು ಶಸ್ತ್ರಕ್ರಿಯೆಯಿಂದ ಪೂರ್ಣವಾಗಿ ತೆಗೆಯಬಹುದು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಸುನ್ನತ್ತನ್ನು ಬಿಟ್ಟು ಬರಿಯ ದುಆ ಮಾಡುತ್ತೇವೆನ್ನುವುದು ಸರಿಯೇ?

ಹ. ಆಯಿಶಾ(ರ)ರ ಸಹೋದರಿಯ ಪುತ್ರ ಉರ್ವಾ ಬಿನ್ ಝುಬೈರ್(ರ) ದೊಡ್ಡ ವಿದ್ವಾಂಸರಾಗಿದ್ದರು. ಅವರ ಕಾಲು ಕೊಳೆಯತೊಡಗಿದಾಗ ವೈದ್ಯರು ಅದನ್ನು ಕತ್ತರಿಸಬೇಕೆಂದರು. ಅವರು ಒಪ್ಪಿದರು. ಅದೇ ಪ್ರಯಾಣದಲ್ಲಿ ಅವರ ಒಬ್ಬ ಮಗನೂ ತೀರಿಕೊಂಡನು. ಅಲ್ಲಾಹನು ತೆಗೆದುಕೊಂಡದ್ದಕ್ಕಿಂತ ಉಳಿಸಿಕೊಟ್ಟದ್ದೇ ಹೆಚ್ಚೆಂದು ಅವರು ಕೃತಜ್ಞತೆ ಸಲ್ಲಿಸಿದರೆಂದು ಚರಿತ್ರೆಯ ಗ್ರಂಥಗಳಲ್ಲಿದೆ. ಇಂದಿನಂತಹ ಅರಿವಳಿಕೆ ಇಲ್ಲದ ಕಾಲವದು. ಇಂದು ಅರಿವಳಿಕೆ ನಮಗೆ ದೊರೆತಿರುವುದೂ ಅಲ್ಲಾಹನ ಒಂದು ಅನುಗ್ರಹವೇ.

ಆದ್ದರಿಂದ ಹೊರಗೆ ಕಾಯುವವರೇ, ನಿಮ್ಮ ಕಾಯುವಿಕೆಯನ್ನು ಆರಾಧನೆಯಾಗಿಸಿರಿ. ನಮಾಝ್‌ನ ಸಮಯವಾದಾಗ ಒಬ್ಬರು ಕುಳಿತು ಇನ್ನೊಬ್ಬರು ಎದ್ದು ಸರದಿಯಂತೆ ನಿರ್ವಹಿಸಿರಿ. ವೈದ್ಯರು ಕರೆದಾಗ ಉತ್ತರಿಸಲು ಒಬ್ಬರು ಸದಾ ಅಲ್ಲಿರಲಿ. ರಕ್ತ ಬೇಕಾದರೆ ಆರೋಗ್ಯವಂತ ಯುವಕರು ಹಿಂಜರಿಯದಿರಲಿ. ಸಾಮಾನ್ಯವಾಗಿ ಒಮ್ಮೆಗೆ ತೆಗೆಯುವುದು 350 ಮಿಲಿ ಲೀಟರ್ ಮಾತ್ರ. ಪುರುಷರು 3 ತಿಂಗಳ ಬಳಿಕ ಮತ್ತೆ ನೀಡಬಹುದು. ನಿಮ್ಮ ಪಕ್ಕದ ಬೆಂಚಿನಲ್ಲಿ ಇನ್ನೊಂದು ಧರ್ಮದ ತಾಯಿಯೊಬ್ಬಳು ಕುಳಿತಿರಬಹುದು. ನಿಮ್ಮ ಬುತ್ತಿಯಲ್ಲಿ, ನಿಮ್ಮ ದುಆದಲ್ಲಿ ಆಕೆಗೂ ಪಾಲಿರಲಿ.

ಊರಿನಲ್ಲಿ ಉಳಿದವರಿಗೂ ಹೊಣೆಯಿದೆ. ಇದು ಯಾವ ಪಾಪದ ಫಲವೋ ಎಂಬ ಮಾತನ್ನು ಬಾಯಿಗೆ ತರಬೇಡಿರಿ. ಹ. ಅಯ್ಯೂಬ್(ಅ) ಪ್ರವಾದಿಯಾಗಿದ್ದೂ ದೀರ್ಘ ಕಾಲ ರೋಗ ಅನುಭವಿಸಿದರು. ಕಾಯಿಲೆಯು ವಿಶ್ವಾಸಿಯ ಪಾಪಗಳನ್ನು ಕಳೆಯುತ್ತದೆಂದೇ ನಮಗೆ ಕಲಿಸಲಾಗಿದೆ. ಆ ಮನೆಯ ಮಕ್ಕಳಿಗೆ ಊಟ ಕೊಡಿರಿ, ಅವರನ್ನು ಶಾಲೆಗೆ ಕಳುಹಿಸಿರಿ, ಹಸುವಿಗೆ ಮೇವು ಹಾಕಿರಿ. ರೋಗಿಯ ಮನೆಯವರಿಗೆ ನೂರು ಸಲಹೆಗಳಿಗಿಂತ ಇದು ಮೇಲು.

ಶಸ್ತ್ರಕ್ರಿಯೆ ಮುಗಿದರೂ ಕಾಯುವಿಕೆ ಮುಗಿಯದು. ತೆಗೆದ ಭಾಗದ ಪರೀಕ್ಷೆಯ ವರದಿಗೆ ದಿನಗಳು ಹಿಡಿಯುತ್ತವೆ. ಕೆಲವರಿಗೆ ವಿಕಿರಣ ಚಿಕಿತ್ಸೆ, ಕಿಮೋಥೆರಪಿ ಬೇಕಾಗುತ್ತದೆ. ಗಾಯಕ್ಕೆ ನೀರು ತಾಗಬಾರದೆಂದು ವೈದ್ಯರು ಹೇಳಿದರೆ ತಯಮ್ಮುಮ್ ಇದೆ. ನಿಲ್ಲಲಾಗದವರು ಕುಳಿತು, ಕುಳಿತುಕೊಳ್ಳಲಾಗದವರು ಮಲಗಿ ನಮಾಝ್ ಮಾಡಬಹುದು. ಧರ್ಮ ಸುಲಭಗೊಳಿಸಿದ್ದನ್ನು ನಾವು ರೋಗಿಗೆ ಕಷ್ಟಗೊಳಿಸಬಾರದು.

ಬಾಗಿಲು ತೆರೆದು ಶುಭ ಸುದ್ದಿ ಬಂದರೆ ಶುಕ್ರ್ ಸಲ್ಲಿಸಿರಿ. ಬೇರೆ ಸುದ್ದಿ ಬಂದರೂ ನೀವು ಸೋತಿಲ್ಲ. ಪ್ರಯತ್ನ ನಿಮ್ಮದಾಗಿತ್ತು, ತೀರ್ಮಾನ ಅವನದು. ನಾವೆಲ್ಲರೂ ಮರಳಬೇಕಾದುದು ಅವನ ಬಳಿಗೇ. ಹಾಸಿಗೆ ಹಿಡಿದವರಿಗೆಲ್ಲ ಅಲ್ಲಾಹನು ಶಿಫಾ ನೀಡಲಿ, ಕಾಯುವವರಿಗೆ ಸಹನೆ ಕರುಣಿಸಲಿ. ಆಮೀನ್.