ಗೆಳೆಯನ ಮರೆವು, ನಮ್ಮ ನಗು



ಒಂದು ಸಣ್ಣ ದೃಶ್ಯವನ್ನು ನಿಮ್ಮ ಕಣ್ಣೆದುರು ತಂದುಕೊಳ್ಳಿ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿ ಕಡಿಯಾಳಿ. ಸಂಜೆ ಐದು ಗಂಟೆ. ಹಾಸ್ಯ ಪ್ರಹಸನ ಆಡುವ ನಾಲ್ವರು ಗೆಳೆಯರು ರಸ್ತೆ ಬದಿಯಲ್ಲಿ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಕಾರ್ಕಳದ ಕಡೆಯ ಒಂದು ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಹೋಗಬೇಕು. ಐದನೆಯವನು ಬಂದಿಲ್ಲ. ಜನರನ್ನು ಹೆಚ್ಚು ನಗಿಸುವವನೇ ಅವನು. ಕೊನೆಗೆ ಮುಕ್ಕಾಲು ಗಂಟೆ ತಡವಾಗಿ ಓಡಿ ಬರುತ್ತಾನೆ. ವೇಷದ ಚೀಲ ಮನೆಯಲ್ಲೇ ಉಳಿದಿದೆ!

“ಎಂತ ಮಾರಾಯ, ಇವತ್ತೂ ಹೀಗೆಯಾ?” ಎಂದು ಒಬ್ಬ ಕೇಳುತ್ತಾನೆ. ಇವನ ಬಳಿ ಉತ್ತರವಿಲ್ಲ.

ಆ ರಾತ್ರಿ ವೇದಿಕೆಯ ಮೇಲೆ, ಸಿಟ್ಟು ಇನ್ನೂ ಆರದ ಒಬ್ಬ ಗೆಳೆಯ ಪ್ರಹಸನದಲ್ಲಿ ಇಲ್ಲದ ಮಾತೊಂದನ್ನು ಸೇರಿಸುತ್ತಾನೆ. ಇವನ ಮರೆವು, ಇವನ ತಡ, ಇವನ ಒದ್ದಾಟ ಎಲ್ಲವನ್ನೂ ಅನುಕರಣೆ ಮಾಡಿ ತೋರಿಸುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಇವನೂ ನಗುತ್ತಾನೆ. ಆದರೆ ಮುಂದಿನ ವಾರದ ಅಭ್ಯಾಸಕ್ಕೆ ಇವನು ಬರುವುದಿಲ್ಲ.

ಈಗ ಹೇಳಿ, ತಪ್ಪು ಯಾರದು? ಕಾಯಿಸಿದವನದೇ? ನಗೆಪಾಟಲು ಮಾಡಿದವನದೇ? ಈ ಕಥೆ ಕಲ್ಪನೆಯದು. ಆದರೆ ಇಂಥ ಒಬ್ಬ ಗೆಳೆಯ, ಒಬ್ಬ ಮಗ, ಒಬ್ಬ ತಂಗಿ ನಮ್ಮಲ್ಲಿ ಎಷ್ಟೋ ಮಂದಿಗೆ ಇದ್ದಾರೆ. “ಉದಾಸೀನ”, “ಮಂಡೆ ಸಮ ಇಲ್ಲ”, “ಜವಾಬ್ದಾರಿ ಇಲ್ಲ” ಎಂಬ ಹೆಸರುಗಳನ್ನು ನಾವು ಅವರಿಗೆ ಚಿಕ್ಕಂದಿನಲ್ಲೇ ಇಟ್ಟಿರುತ್ತೇವೆ.

ವೈದ್ಯರು ಇಟ್ಟ ಹೆಸರು ಬೇರೆ: ಎ.ಡಿ.ಎಚ್.ಡಿ. ಗಮನವನ್ನು ಒಂದೆಡೆ ನಿಲ್ಲಿಸಲು ಕಷ್ಟ, ಅತಿ ಚಟುವಟಿಕೆ, ಆತುರ ಇದರ ಲಕ್ಷಣಗಳು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಹನ್ನೆರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುವಂಥದು. ಜಗತ್ತಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಇದು ಇದೆಯೆಂದು ಅಂದಾಜು. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಮರೆತವರಿಗೆಲ್ಲ ಈ ಸ್ಥಿತಿ ಇದೆ ಎಂದಲ್ಲ. ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ತಜ್ಞ ವೈದ್ಯರು; ನೆರೆಮನೆಯವರಲ್ಲ.

ಇದರ ಚರಿತ್ರೆಯಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಫ್ರೆಡ್ರಿಕ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಕುರಿತು ಉಪನ್ಯಾಸಗಳನ್ನು ನೀಡಿದರು. ಆ ಮಕ್ಕಳ ಬುದ್ಧಿಗೆ ಕೊರತೆಯಿರಲಿಲ್ಲ. ಆದರೂ ಆ ಸ್ಥಿತಿಗೆ ಅವರು ಬಳಸಿದ ಮಾತು ‘ನೈತಿಕ ನಿಯಂತ್ರಣದ ಕೊರತೆ’ ಎಂದು! ಎ.ಡಿ.ಎಚ್.ಡಿ. ಎಂಬ ಈಗಿನ ಹೆಸರು ಬಂದದ್ದು 1987ರಲ್ಲಿ. ವೈದ್ಯಶಾಸ್ತ್ರ ‘ನೀತಿ’ಯ ಮಾತನ್ನು ಬಿಟ್ಟು ‘ಗಮನ’ದ ಮಾತಿಗೆ ಬರಲು ಇಷ್ಟು ವರ್ಷಗಳು ಹಿಡಿದವು. ನಮ್ಮ ಮನೆಗಳು ಇನ್ನೂ ದಾರಿಯಲ್ಲೇ ಇವೆಯೇನೋ.

ನೀವು ಕೇಳಬಹುದು: “ಇಪ್ಪತ್ತು ನಿಮಿಷದ ಸಂಭಾಷಣೆ ನೆನಪಿಡುವವನಿಗೆ ಒಂದು ಚೀಲ ನೆನಪಿರುವುದಿಲ್ಲವೇ? ವೇದಿಕೆಯ ಮೇಲೆ ಒಂದು ಕ್ಷಣವೂ ತಪ್ಪದಂತೆ ಮಾತು ಎಸೆಯುವವನಿಗೆ ಗಡಿಯಾರ ನೋಡಲು ಬರುವುದಿಲ್ಲವೇ?” ನ್ಯಾಯವಾದ ಪ್ರಶ್ನೆ. ಬಹಳ ಮಂದಿ ಅಪ್ಪ ಅಮ್ಮಂದಿರು ಇಲ್ಲೇ ಎಡವುತ್ತಾರೆ. “ಆಟಕ್ಕೆ ಆಗುತ್ತದೆ, ಪಾಠಕ್ಕೆ ಆಗುವುದಿಲ್ಲ. ಎಲ್ಲ ನಾಟಕ!” ಎನ್ನುತ್ತಾರೆ.

ಆದರೆ ಈ ಸ್ಥಿತಿಯಲ್ಲಿ ಗಮನವೇ ಇಲ್ಲ ಎಂದಲ್ಲ. ಬೇಕಾದಾಗ ಬೇಕಾದ ಕಡೆಗೆ ಅದನ್ನು ತಿರುಗಿಸುವ ಹಿಡಿತ ಸಡಿಲ. ಮನಸ್ಸನ್ನು ಸೆಳೆಯುವ ಕೆಲಸದಲ್ಲಿ, ಎದುರಿಗೆ ಜನ ಕುಳಿತಿರುವಾಗ, ಈ ಕ್ಷಣವೇ ಉತ್ತರ ಕೊಡಬೇಕಾದಾಗ ಗಮನ ತಾನಾಗಿ ಬಂದು ನಿಲ್ಲುತ್ತದೆ. ಮನೆಯ ಮೂಲೆಯಲ್ಲಿರುವ ಚೀಲಕ್ಕೆ ಆ ಸೆಳೆತವಿಲ್ಲ. ಅದಕ್ಕೇ ವೇದಿಕೆ ಕೆಲವರಿಗೆ ಆಸರೆಯಾಗುತ್ತದೆ. ಬ್ರಿಟನ್ನಿನ ಹೆಸರಾಂತ ಹಾಸ್ಯಗಾರ ರೋರಿ ಬ್ರೆಮ್ನರ್ ತಮಗೆ ಈ ಸ್ಥಿತಿ ಇದೆಯೆಂಬುದನ್ನು 2017ರಲ್ಲಿ ಬಿ.ಬಿ.ಸಿ. ಕಾರ್ಯಕ್ರಮವೊಂದರಲ್ಲಿ ಜನರ ಮುಂದಿಟ್ಟರು. ಮಲಯಾಳಂ ನಟ ಫಹಾದ್ ಫಾಸಿಲ್ ತಮ್ಮ 41ನೆಯ ವಯಸ್ಸಿನಲ್ಲಿ ಇದು ಗೊತ್ತಾಯಿತೆಂದು 2024ರಲ್ಲಿ ಕೋತಮಂಗಲದ ಸಮಾರಂಭವೊಂದರಲ್ಲಿ ಹೇಳಿದರು. ಹಾಗೆಂದು ಇದನ್ನು ದೊಡ್ಡ ವರದಾನವೆಂದು ಹೊಗಳುವುದೂ ಬೇಡ. ಮುಗಿಯದ ಕೆಲಸ, ಕಳೆದುಹೋದ ನೌಕರಿ, ಮುರಿದ ಸ್ನೇಹ, ಇವೂ ಇದೇ ಸ್ಥಿತಿಯ ಜೊತೆಗೆ ಬರುತ್ತವೆ.

ಈ ಇಬ್ಬರ ಮಾತಿನಲ್ಲಿ ಒಂದು ವಿಷಯ ಗಮನಿಸಿ. ಅದನ್ನು ಹೇಳಿದವರು ಅವರೇ. ತನ್ನ ಕುಂದನ್ನು ತಾನೇ ಹೇಳಿ ನಗಿಸುವುದು ಹಾಸ್ಯ. ಅವನು ಹೇಳದೆ ಇದ್ದುದನ್ನು, ಸಿಟ್ಟಿನಲ್ಲಿ, ಮುನ್ನೂರು ಮಂದಿಯ ಮುಂದೆ ನಾವು ಎಳೆದು ತಂದರೆ ಅದು ನಗೆಯ ವೇಷ ತೊಟ್ಟ ಶಿಕ್ಷೆ. “ಅವನೂ ನಕ್ಕನಲ್ಲ!” ಎನ್ನುವಿರಾ? ಅಷ್ಟು ಮಂದಿ ನೋಡುತ್ತಿರುವಾಗ ನಗದೆ ಇನ್ನೇನು ಮಾಡಿಯಾನು?

ಹಾಸ್ಯಗಾರರ ಸ್ನೇಹ ಬಹಳ ದೊಡ್ಡದು. ನಮ್ಮ ಮಲ್ಪೆ ಬಳಿಯ ಹೂಡೆಯ ರಾಕೇಶ್ ಪೂಜಾರಿ ನಿಮಗೆ ನೆನಪಿರಬಹುದು. ತುಳು ಹಾಸ್ಯದಿಂದ ಬೆಳೆದು, 2020ರಲ್ಲಿ ‘ಕಾಮಿಡಿ ಕಿಲಾಡಿಗಳು’ ಮೂರನೆಯ ಆವೃತ್ತಿಯನ್ನು ಗೆದ್ದವರು. 2025ರ ಮೇ 12ರ ನಸುಕಿನಲ್ಲಿ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಒಂದು ಮೆಹೆಂದಿ ಕಾರ್ಯಕ್ರಮಕ್ಕೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಆಗ ನಾಡನ್ನೇ ನಗಿಸುವ ಜೊತೆ ಕಲಾವಿದರು ಕಣ್ಣೀರಿಟ್ಟದ್ದನ್ನು ನಾವೆಲ್ಲ ನೋಡಿದೆವು. ಅವರಿಗೂ ಈ ಸ್ಥಿತಿಗೂ ಸಂಬಂಧವಿಲ್ಲ. ನಾನು ಹೇಳುವುದು ಇಷ್ಟೇ: ಪ್ರಹಸನದಲ್ಲಿ ಒಬ್ಬನ ನಗೆ ಇನ್ನೊಬ್ಬನ ಕೈಯಲ್ಲಿದೆ. ಒಬ್ಬ ಮಾತು ಎಸೆದಾಗ ಇನ್ನೊಬ್ಬ ಹಿಡಿಯಬೇಕು. ಹಿಡಿಯುತ್ತಾನೆ ಎಂಬ ನಂಬಿಕೆ ಇಲ್ಲದೆ ಯಾರೂ ಧೈರ್ಯವಾಗಿ ಮೂರ್ಖನ ಪಾತ್ರ ಮಾಡಲಾರರು. ವೇದಿಕೆಯ ಮೇಲಿರುವ ಈ ನಂಬಿಕೆ ಕಡಿಯಾಳಿಯ ರಸ್ತೆ ಬದಿಯಲ್ಲೂ ಬೇಡವೇ?

ಹಾಗಾದರೆ ಕಾಯಿಸಿದವನನ್ನು ಸುಮ್ಮನೆ ಬಿಟ್ಟುಬಿಡಬೇಕೇ? ಇಲ್ಲ. ಕಾರಣ ಬೇರೆ, ನೆಪ ಬೇರೆ. “ನನ್ನ ಮಿದುಳು ಹೀಗೆ” ಎಂಬುದು ಏಕೆ ತಡವಾಯಿತು ಎಂಬುದಕ್ಕೆ ಕಾರಣ. ಕಾದು ನಿಂತ ನಾಲ್ವರಿಗೆ ಅದು ಪರಿಹಾರವಲ್ಲ. ಅವನಿಗೂ ಕರ್ತವ್ಯವಿದೆ. ಮುಚ್ಚಿಡದೆ ಹೇಳಬೇಕು. ನೆರವು ಬೇಡಬೇಕು. ವೈದ್ಯರನ್ನು ಕಾಣಬೇಕು. ಔಷಧಿಯಿದೆ, ತರಬೇತಿಯಿದೆ, ಎರಡರಿಂದಲೂ ಅನೇಕರಿಗೆ ಪ್ರಯೋಜನವಾಗಿದೆ. ಉಡುಪಿ-ಮಣಿಪಾಲದಲ್ಲೇ ಮನೋವೈದ್ಯರಿದ್ದಾರೆ. ಎಲ್ಲಿ ಆರಂಭಿಸುವುದೆಂದು ತಿಳಿಯದವರಿಗೆ ಸರಕಾರದ ‘ಟೆಲಿ ಮಾನಸ್’ ದೂರವಾಣಿ 14416 ಇದೆ; 2022ರಿಂದ ಉಚಿತವಾಗಿ ನಡೆಯುತ್ತಿದೆ. ತಡವಾದಾಗ “ಕ್ಷಮಿಸಿ” ಎನ್ನುವುದನ್ನೂ ಅವನು ಬಿಡಬಾರದು. ತನ್ನಿಂದಾಗದು ಎಂದು ತಿಳಿದ ಮೇಲೆ ಅದಕ್ಕೆ ದಾರಿ ಹುಡುಕದಿರುವುದು ಮಾತ್ರ ನಿಜವಾದ ಉದಾಸೀನ.

ಗೆಳೆಯನ ಕರ್ತವ್ಯವೇನು? ಇದಕ್ಕೆ ಉತ್ತರ ನಮ್ಮ ಯಕ್ಷಗಾನದ ರಂಗಸ್ಥಳದಲ್ಲೇ ಇದೆ. ಹಾಸ್ಯಗಾರ ದೂತನಾಗಿ ಬರುತ್ತಾನೆ. ಭಾಗವತರ ಜೊತೆ ಮಾತಿಗೆ ನಿಲ್ಲುತ್ತಾನೆ. ಬಂದ ಕೆಲಸ ಬಿಟ್ಟು ಊರೆಲ್ಲ ಸುತ್ತುತ್ತಾನೆ. ಭಾಗವತರು ಏನು ಮಾಡುತ್ತಾರೆ? ಗದರಿಸಿ ಓಡಿಸುವುದಿಲ್ಲ. ಹಾಗೆಂದು ಬೆಳಗಿನ ತನಕ ಅಲೆಯಲೂ ಬಿಡುವುದಿಲ್ಲ. ಒಂದಿಷ್ಟು ನಕ್ಕು, ಒಂದು ಪ್ರಶ್ನೆ ಕೇಳುತ್ತಾರೆ: “ಅದು ಸರಿ, ಈಗ ನೀನು ಬಂದ ಕೆಲಸ ಏನಪ್ಪಾ?” ಅಷ್ಟೇ! ಹಾಸ್ಯಗಾರನ ಮರ್ಯಾದೆಯೂ ಉಳಿಯಿತು, ಪ್ರಸಂಗವೂ ಮುಂದೆ ಹೋಯಿತು. ಗೆಳೆಯನಾದವನು ಹೀಗೆ ಭಾಗವತನಾಗಬೇಕು.

ಕಡಿಯಾಳಿಯ ಆ ನಾಲ್ವರಿಗೆ ಮರಳಿ ಹೋಗೋಣ. ಐದು ಗಂಟೆಗೆ ಹೊರಡಬೇಕಾದರೆ ನಾಲ್ಕಕ್ಕೇ ಒಂದು ಫೋನು ಮಾಡಬಹುದು. ವೇಷದ ಚೀಲವನ್ನು ಅವನ ಮನೆಗೆ ಕಳುಹಿಸದೆ ವ್ಯಾನಿನಲ್ಲೇ ಇಡಬಹುದು. ಒಬ್ಬ ಅವನ ಮನೆಯ ದಾರಿಯಾಗಿ ಬರಬಹುದು. ಇವೆಲ್ಲ ದೊಡ್ಡ ತ್ಯಾಗವಲ್ಲ. ಆದರೆ ಇವನ್ನು ಮಾಡಲು ಮೊದಲು ಒಂದು ಬೇಕು: ಅವನು ನಮ್ಮನ್ನು ಅವಮಾನಿಸಲೆಂದು ತಡಮಾಡುತ್ತಿಲ್ಲ ಎಂಬ ನಂಬಿಕೆ. ಆ ರಾತ್ರಿ ಅನುಕರಣೆ ಮಾಡಿದ ಗೆಳೆಯನೂ ಒಂದು ಹೆಜ್ಜೆ ಇಡಬೇಕಾಗಿದೆ. ಮುನ್ನೂರು ಮಂದಿಯ ಮುಂದೆ ಆಡಿದ ಮಾತಿಗೆ ಅವನ ಮನೆಯ ಜಗಲಿಯಲ್ಲಿ ಕುಳಿತು, “ತಪ್ಪಾಯಿತು ಮಾರಾಯ” ಎನ್ನಬೇಕಾಗಿದೆ.

ತಂದೆ ತಾಯಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಮಗು ಇರಬಹುದು. ನೆಂಟರು ಬಂದಾಗ ಅದರ ಮರೆವಿನ ಕಥೆ ಹೇಳಿ ಎಲ್ಲರೂ ನಗುವ ವಾಡಿಕೆಯೂ ಇರಬಹುದು. ಮುಂದಿನ ಸಲ ಆ ಕಥೆಗೆ ಬಾಯಿ ತೆರೆಯುವ ಮೊದಲು ಒಮ್ಮೆ ಮಗುವಿನ ಮುಖ ನೋಡಿ. ಅದು ನಗುತ್ತಿದೆಯೇ, ನಗುವಂತೆ ಮಾಡುತ್ತಿದೆಯೇ? ಆ ರಾತ್ರಿ, ನೆಂಟರು ಹೋದ ಮೇಲೆ, ಮರುದಿನದ ಶಾಲೆಯ ಚೀಲವನ್ನು ಅದರ ಜೊತೆಗೆ ಕುಳಿತು ತುಂಬಿಸಿ. ಐದು ನಿಮಿಷ ಸಾಕು.